ಕರಡಿಯ ಪ್ಯಾಂಟಿಗೆ ಅಳಿಲಿನ ಹೊಲಿಗೆ

ಒಂದು ಕಾರ್ಟೂನಿನ ಪ್ರಾಣಿ ಇನ್ನೊಂದು ಕಾರ್ಟೂನಿನೊಳಕ್ಕೆ ಕಾಲಿಡಬೇಕಾದರೆ ಸಮಾಗಮ ಮಂಡಳಿಯ ಪೂರ್ವಾನುಮತಿ ಕಡ್ಡಾಯ. ಇದು ಎಲ್ಲರಿಗೂ ತಿಳಿದಿರುವುದರಿಂದ ವಿವರಿಸುವ ಅಗತ್ಯವಿಲ್ಲ. ಆದರೂ ವಿವರಿಸುವುದು ನನ್ನ ಕರ್ತವ್ಯ. ನಾನು ಆ ಮಂಡಳಿಯ ಸಮತೋಲನ ಅಧಿಕಾರಿ. ಎರಡು ಕಂಪನಿಗಳ ಪ್ರಾಣಿಗಳು ಒಂದೇ ಪರದೆಯ ಮೇಲೆ ಬಂದಾಗ ಒಂದರ ಮರ್ಯಾದೆ ಇನ್ನೊಂದರದಕ್ಕಿಂತ ಕೂದಲೆಳೆಯಷ್ಟೂ ಹೆಚ್ಚಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಹಿಂದೊಮ್ಮೆ ರೈಲ್ವೆ ಗಾರ್ಡ್ ಕರಡಿ ಮತ್ತು ದರ್ಜಿ ಅಳಿಲು ಸೇರಿ ಒಂದು ಚಿತ್ರದಲ್ಲಿ ಕಾಣಿಸಿಕೊಂಡವು. ಕರಡಿ ಒಂದು ಕಂಪನಿಯದು. ದಿನವೂ ತನ್ನದೇ ರೈಲನ್ನು ತಪ್ಪಿಸಿಕೊಳ್ಳುವುದು ಅದರ ಕಸುಬು. ಅಳಿಲು ಎದುರಾಳಿ ಕಂಪನಿಯದು, ಕಂಡದ್ದನ್ನೆಲ್ಲ ಹೊಲಿಯುತ್ತದೆ. ಕಥೆಯ ಪ್ರಕಾರ ಕರಡಿ ಬಾಳೆಹಣ್ಣಿನ ಸಿಪ್ಪೆ ತುಳಿದು ಬೀಳಬೇಕಿತ್ತು. "ನಮ್ಮ ಕರಡಿ ಮಾತ್ರ ಯಾಕ್ರೀ ಬೀಳ್ಬೇಕು?" ಎಂದು ಅದರ ಕಂಪನಿ ಕಣ್ಣು ಕೆಂಪಗೆ ಮಾಡಿತು. ಸರಿ, ಅಳಿಲನ್ನೂ ಬೀಳಿಸುವುದೆಂದಾಯಿತು. ಮೊದಲು ಯಾರು ಬೀಳಬೇಕೆಂದು ಮತ್ತೆ ಜಗಳ. ಕಡೆಗೆ ಎರಡೂ ಬೇರೆ ಬೇರೆ ಸಿಪ್ಪೆಗಳ ಮೇಲೆ ಏಕಕಾಲಕ್ಕೆ, ಒಂದೇ ಸದ್ದಿನೊಂದಿಗೆ ಬಿದ್ದವು. ನೋಡಿದವರಲ್ಲಿ ಒಬ್ಬರೂ ನಗಲಿಲ್ಲ. ಸಮತೋಲನ ಮಾತ್ರ ಪರಿಪೂರ್ಣವಾಗಿತ್ತು, ನನಗೆ ಬಡ್ತಿ ಸಿಕ್ಕಿತು.

ಬರೀ ಉಲ್ಲೇಖಕ್ಕೂ ನಮ್ಮಲ್ಲಿ ನಿಯಮವಿದೆ. ಅಳಿಲಿನ ಚಿತ್ರವೊಂದರ ಆಕಾಶದಲ್ಲಿ ಕರಡಿಯನ್ನು ಹೋಲುವ ಮೋಡ ತೇಲಿದಾಗ ನಾನೇ ಹೋಗಿ ಅದರ ಕಿವಿಗಳನ್ನು ಅಳಿಸಿ ಬಂದಿದ್ದೆ.

ಬಾಳೆಹಣ್ಣಿನ ಸಿಪ್ಪೆಯ ಆ ಚಿತ್ರಕ್ಕೆ ಕರಡಿಯ ದನಿ ಕೊಟ್ಟಾತನೂ ಅಳಿಲಿನ ದನಿ ಕೊಟ್ಟಾಕೆಯೂ ಧ್ವನಿಮುದ್ರಣದ ಕೋಣೆಯಲ್ಲಿ ಗಾಜಿನ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ನೋಡಿ, ಆಮೇಲೆ ಮದುವೆಯಾದರು. ಮಂಡಳಿ ಆಕ್ಷೇಪಿಸಲಿಲ್ಲ. ಮನುಷ್ಯರ ಸಮಾಗಮ ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಅವರಿಗೊಬ್ಬಳು ಮಗಳು ಹುಟ್ಟಿದಳು, ಪುಟ್ಟಿ ಎಂದು ಕರೆದರು. ತೊಂದರೆ ಶುರುವಾದದ್ದು ಪುಟ್ಟಿಯ ಊಟದಿಂದ.

ಪುಟ್ಟಿ ಸುಮ್ಮನೆ ಉಣ್ಣುವ ಮಗುವಲ್ಲ. ಅಪ್ಪ ಕರಡಿಯಾಗಿ ಗೊಗ್ಗರು ದನಿಯಲ್ಲಿ, ಅಮ್ಮ ಅಳಿಲಾಗಿ ಕೀಚಲು ದನಿಯಲ್ಲಿ ಮಾತಿಗೆ ಮಾತು ಬೆಳೆಸಿದರಷ್ಟೇ ಬಾಯಿ ತೆರೆಯುತ್ತಿದ್ದಳು. ಹೀಗೆ ಒಂದು ಮಧ್ಯಾಹ್ನ, ಬೇಯಿಸಿದ ಕ್ಯಾರೆಟ್ಟಿನ ಎದುರು, ರೈಲಿನ ಹಿಂದೆ ಓಡಿದ ಕರಡಿಯ ಪ್ಯಾಂಟು ಹರಿಯಿತು, ಅಳಿಲು ಅದನ್ನು ಹೊಲಿದುಕೊಟ್ಟಿತು. ತಟ್ಟೆ ಖಾಲಿಯಾಯಿತು. ಮಾರನೆಯ ದಿನ ಪುಟ್ಟಿ ಈ ಕಥೆಯನ್ನು ಶಾಲೆಯಲ್ಲಿ ಅಭಿನಯಸಮೇತ ಹೇಳಿದಳು. ಅದೇ ತರಗತಿಯಲ್ಲಿ ಕರಡಿ ಕಂಪನಿಯ ವಕೀಲರ ಮಗನೂ ಇದ್ದ.

ವಿಚಾರಣೆ ಮಂಡಳಿಯ ಸಭಾಂಗಣದಲ್ಲಿ ನಡೆಯಿತು. ಫ್ಯಾನು ತಿರುಗುತ್ತಿರಲಿಲ್ಲ, ಏಕೆಂದರೆ ಅದು ಯಾವ ಪಕ್ಷದ ಕಡೆಗೆ ಹೆಚ್ಚು ಗಾಳಿ ಬೀಸುತ್ತದೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

"ಪ್ಯಾಂಟು ನಮ್ಮದು," ಎಂದರು ಕರಡಿ ಕಂಪನಿಯ ವಕೀಲರು.

"ದಾರ ನಮ್ಮದು," ಎಂದರು ಅಳಿಲು ಕಂಪನಿಯ ವಕೀಲರು. "ನಮ್ಮ ದಾರ ಅವರ ಪ್ಯಾಂಟಲ್ಲಿ ಸಿಕ್ಕಿಹಾಕ್ಕೊಂಡಿದೆ. ಬಿಚ್ಚಿ ಕೊಡ್ಲಿ."

"ಸ್ವಾಮಿ, ಮಗೂಗೆ ಊಟ ಮಾಡ್ಸೋಕೆ ಹೇಳಿದ ಕಥೆ ಅದು," ಎಂದು ಪುಟ್ಟಿಯ ಅಪ್ಪ ಕೈಮುಗಿದ. "ನಿಜವಾಗ್ಲೂ ಅಲ್ಲಿ ಪ್ಯಾಂಟೇ ಇಲ್ಲ."

ಕರಡಿ ಕಂಪನಿಯ ವಕೀಲರು ದಿಗ್ಗನೆ ಎದ್ದರು. "ಆಕ್ಷೇಪಣೆ! ನಮ್ಮ ಕರಡಿಗೆ ಪ್ಯಾಂಟೇ ಇಲ್ಲ ಅಂತ ತುಂಬಿದ ಸಭೇಲಿ ಹೇಳ್ತಿದಾರೆ!"

ಪುಟ್ಟಿಯ ಅಮ್ಮ ಮುಂದೆ ಬಂದಳು. "ಸಾರ್, ನೋಟೀಸು ಬಂದಾಗಿಂದ ನಾವು ಕಥೆ ಹೇಳೋದು ನಿಲ್ಸಿದೀವಿ. ಮಗು ಸರಿಯಾಗಿ ಊಟಾನೇ ಮಾಡ್ತಿಲ್ಲ. ಅದರ ಹೊಟ್ಟೆ ನೋಡಿ ಸಾರ್."

ಅಧ್ಯಕ್ಷರು ಕನಿಕರದಿಂದಲೇ ಹೇಳಿದರು: "ಮಗುವಿನ ಹೊಟ್ಟೆ ಮಂಡಳಿಯ ವ್ಯಾಪ್ತಿಗೆ ಬರಲ್ಲಮ್ಮ. ಬಾಯಿ ಬರುತ್ತೆ."

ತೀರ್ಪು ಹೊರಬಿತ್ತು. ಪುಟ್ಟಿ ಹೇಳಿಬಿಟ್ಟಿರುವುದರಿಂದ ಪ್ಯಾಂಟು ಹರಿದು ಹೊಲಿಗೆ ಬಿದ್ದದ್ದು ನಡೆದ ಘಟನೆಯೆಂದೇ ಪರಿಗಣಿಸತಕ್ಕದ್ದು. ದಾರದ ಒಡೆತನ ತೀರ್ಮಾನವಾಗುವವರೆಗೆ ಕರಡಿಯನ್ನು ಸೊಂಟದಿಂದ ಮೇಲಕ್ಕೆ ಮಾತ್ರ ತೋರಿಸತಕ್ಕದ್ದು. ಮನೆಯಲ್ಲಿ ಕರಡಿಯೂ ಅಳಿಲೂ ನೇರವಾಗಿ ಮಾತಾಡಕೂಡದು. ಮಾತೆಲ್ಲವೂ ಸಮತೋಲನ ಅಧಿಕಾರಿಯ ಮೂಲಕ ಸಾಗತಕ್ಕದ್ದು. ಕರಡಿಯ ದನಿ ಎಲ್ಲಿ ಮುಗಿದು ಗಂಡನ ದನಿ ಎಲ್ಲಿ ಶುರುವಾಗುತ್ತದೆಂದು ಹೇಳಲು ತಜ್ಞರು ಸೋತದ್ದರಿಂದ ದಂಪತಿಗಳ ಖಾಸಗಿ ಮಾತಿಗೂ ಇದು ಅನ್ವಯ. ತಪ್ಪಿದರೆ ಇಬ್ಬರ ಕೆಲಸವೂ ಹೋಗುತ್ತದೆ.

ಹೀಗೆ ನಾನು ಅವರ ಊಟದ ಮೇಜಿನಲ್ಲಿ, ಗಂಡ ಹೆಂಡಿರ ನಡುವೆ, ಕುರ್ಚಿ ಹಾಕಿಕೊಂಡು ಕೂತೆ. ಎದುರಿಗೆ ಪುಟ್ಟಿ, ಅವಳೆದುರು ಕ್ಯಾರೆಟ್ಟು.

"ರೀ, ಉಪ್ಪು ಕೊಡಿ," ಎಂದಳು ಅಮ್ಮ.

"ಅಳಿಲು ಪಕ್ಷದವರು ಉಪ್ಪನ್ನು ಕೋರಿದ್ದಾರೆ," ಎಂದೆ ನಾನು.

"ತಗೊಳ್ಳೋಕೆ ಹೇಳಿ," ಎಂದ ಅಪ್ಪ.

"ಕರಡಿ ಪಕ್ಷದವರು ಉಪ್ಪನ್ನು ಮಂಜೂರು ಮಾಡಿದ್ದಾರೆ."

ಪುಟ್ಟಿಗೆ ಕಥೆಯನ್ನೂ ನಾನೇ ಹೇಳಿದೆ. ಕರಡಿ ಬಿತ್ತು, ಅಳಿಲೂ ಬಿತ್ತು, ಲೆಕ್ಕ ಸರಿಹೋಯಿತು. ಪುಟ್ಟಿ ಕ್ಯಾರೆಟ್ಟನ್ನು ನನ್ನ ಅಂಗಿಯ ಮೇಲೆ ಉಗಿದಳು. ದಿನ ಕಳೆದಂತೆ ಮಗು ಸೊರಗಿತು. ಫ್ರಾಕು ಭುಜದಿಂದ ಜಾರತೊಡಗಿತು.

ಒಂದು ದಿನ ಅಪ್ಪನಿಗೆ ತಡೆಯಲಾಗಲಿಲ್ಲ. ಮಗಳ ಮುಖ ನೋಡಿದವನೇ, "ಅಯ್ಯಯ್ಯೋ, ನನ್ನ ರೈಲು ಹೋಯ್ತಲ್ಲಪ್ಪೋ!" ಎಂದು ಕರಡಿಯ ದನಿಯಲ್ಲಿ ಕೂಗಿಬಿಟ್ಟ. ಅಭ್ಯಾಸಬಲದಿಂದ ಅಮ್ಮ, "ರೈಲಿರ್ಲಿ ಮಾರಾಯ, ಮೊದ್ಲು ಪ್ಯಾಂಟು ಹಿಡ್ಕೋ!" ಎಂದು ಕೀಚಲು ದನಿಯಲ್ಲಿ ಕೂಗಿದಳು. ಪುಟ್ಟಿ ಬಿದ್ದು ಬಿದ್ದು ನಕ್ಕಳು, ಕೇಳದೆಯೇ ಒಂದು ತುತ್ತು ನುಂಗಿದಳು. ಆ ನಗು ಯಾವ ಪಕ್ಷಕ್ಕೆ ಸೇರಿದ್ದೆಂದು ನಿರ್ಧರಿಸಲಾಗದೆ ನಾನು ಇಡೀ ಘಟನೆಯನ್ನು ಮಂಡಳಿಗೆ ವರದಿ ಮಾಡಿದೆ. ಅಂತಿಮ ಎಚ್ಚರಿಕೆ ಬಂತು. ಅಂದಿನಿಂದ ಅವರಿಬ್ಬರ ಬಾಯಿಗೂ ಬೀಗ.

ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆಂದು ಅಧ್ಯಕ್ಷರು ಹೇಳಿದ್ದು ಸುಳ್ಳಾಗಲಿಲ್ಲ. ಒಂದು ಮಧ್ಯಾಹ್ನ ನಾನು ಹೋದಾಗ ಪುಟ್ಟಿ ನೆಲದ ಮೇಲೆ ಗೊಂಬೆಯಾಟ ಆಡುತ್ತಿದ್ದಳು. ಈ ಕಡೆ ಕರಡಿ, ಆ ಕಡೆ ಅಳಿಲು, ನಡುವೆ ಒಂದು ಬಾಚಣಿಗೆ ನಿಲ್ಲಿಸಿದ್ದಳು.

"ಇದು ಯಾರಮ್ಮ?" ಎಂದೆ.

"ನಡುವಿನ ಮಾಮ," ಎಂದಳು. ಬಾಚಣಿಗೆಯನ್ನು ಕುಣಿಸುತ್ತ ನನ್ನದೇ ದನಿಯಲ್ಲಿ, "ಕರಡಿ ಪಕ್ಷದವರೇ, ಸುಮ್ನಿರಿ! ಅಳಿಲು ಪಕ್ಷದವರೇ, ನೀವೂ ಸುಮ್ನಿರಿ!" ಎಂದು ಗದರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಊಟಕ್ಕೆ ಕೂತಾಗಲೂ, "ಮಾಮ, ಮಂಜೂರು ಅನ್ನು," ಎಂದು ಬಾಯಿ ತೆರೆದಳು. ನಾನು ಅಂದೆ. ಕ್ಯಾರೆಟ್ಟು ಪೂರ್ತಿ ಖರ್ಚಾಯಿತು.

ಅಪ್ಪ ತಟ್ಟೆ ನೋಡುತ್ತ ಹೇಳಿದ: "ಸಾರ್, ಅವಳಿಗೆ ಹೇಳಿ. ಪುಟ್ಟಿಗೆ ಇನ್ಮೇಲೆ ಕರಡಿ ಅಳಿಲು ಬೇಕಾಗಲ್ಲ ಅಂತ."

ಅಮ್ಮ ಆಗಲೇ ಎದ್ದುಹೋಗಿ ಪಾತ್ರೆ ತೊಳೆಯುವ ನಲ್ಲಿ ತಿರುಗಿಸಿ ನಿಂತಿದ್ದಳು. ತೊಳೆಯಲು ಅಲ್ಲಿ ಪಾತ್ರೆಯಿರಲಿಲ್ಲ. ಅಳುತ್ತಿದ್ದಳು. "ಕರಡಿ ಪಕ್ಷದವರು ವಿಷಾದ ಸೂಚಿಸಿದ್ದಾರೆ," ಎಂದು ನಾನು ಅವಳ ಬೆನ್ನಿಗೆ ತಲುಪಿಸಿದೆ.

ಮಗು ಉಣ್ಣುತ್ತಿದೆಯೆಂಬ ಸುದ್ದಿ ಎರಡೂ ಕಂಪನಿಗಳ ಕಿವಿಗೆ ಬಿತ್ತು. ಮಕ್ಕಳು ನಗುವ ವಸ್ತುವೊಂದು ಸಿಕ್ಕದೆ ಅವು ಬಹುಕಾಲದಿಂದ ಕಂಗಾಲಾಗಿದ್ದವು. ನಡುವಿನ ಮಾಮನನ್ನು ಸರಿಸಮವಾಗಿ ಹಂಚಿಕೊಂಡು ಹೊಸ ಕಾರ್ಟೂನು ಹೊರತಂದವು. ಅದರಲ್ಲಿ ಬಾಚಣಿಗೆಯಂಥ ಮೀಸೆಯ ಅಧಿಕಾರಿಯೊಬ್ಬ ಎಲ್ಲರ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ದನಿ ನನ್ನದೇ. ಭಾರಿ ಜನಪ್ರಿಯವಾಗಿದೆ. ಕರಡಿ ಈಗಲೂ ಸೊಂಟದಿಂದ ಮೇಲಕ್ಕೆ ಮಾತ್ರ.

ಹೀಗಾಗಿ ಈಗ ನಾನೂ ಒಂದು ಪಾತ್ರ. ನಾನು ಮನೆಯಲ್ಲಿ ಬಾಯಿಬಿಟ್ಟರೆ ಅದು ಅನಧಿಕೃತ ಪ್ರದರ್ಶನವಾಗುತ್ತದೆ. ಆದ್ದರಿಂದ ಮಂಡಳಿ ನನ್ನ ಮತ್ತು ನನ್ನ ಹೆಂಡತಿಯ ನಡುವೆ ಹೊಸ ಸಮತೋಲನ ಅಧಿಕಾರಿಯೊಬ್ಬರನ್ನು ನೇಮಿಸಿದೆ. ಬಹಳ ಶಿಸ್ತಿನ ಮನುಷ್ಯ. ಕುರ್ಚಿಯನ್ನು ಮನೆಯಿಂದಲೇ ತರುತ್ತಾರೆ.

ನಿನ್ನೆ ನನ್ನ ಹೆಂಡತಿ ಅವರೆದುರು ನಿಂತು ಬಹಳ ಹೊತ್ತು ಏನೇನೋ ಹೇಳಿದಳು. ದನಿ ನಡುಗುತ್ತಿತ್ತು, ಕಿಟಕಿಯ ಗಾಜಿನಲ್ಲಿ ಕಂಡ ಅವಳ ಕಣ್ಣಲ್ಲಿ ನೀರಿತ್ತು, ಪುಟ್ಟಿಯ ಹೆಸರೂ ನಡುವೆ ಬಂದುಹೋಯಿತು. ನೇರವಾಗಿ ಕೇಳಿಸಿಕೊಳ್ಳುವುದು ನಿಯಮಬಾಹಿರವಾದ್ದರಿಂದ ನಾನು ಕಿಟಕಿಯ ಕಡೆ ಮುಖಮಾಡಿ ಕೂತಿದ್ದೆ. ಅವಳು ಮುಗಿಸಿದ ಮೇಲೆ ಅಧಿಕಾರಿಗಳು ನನ್ನ ಕಡೆ ತಿರುಗಿದರು.

"ಊಟಕ್ಕೆ ಕರೆದಿದ್ದಾರೆ," ಎಂದರು.

"ಬಂದೆ ಅಂತ ಹೇಳಿ," ಎಂದೆ.