ಕಿಟಕಿಗೆ ಅಂಟಿದ ಯುದ್ಧ

ಮೊಮ್ಮಗಳು ಹುಟ್ಟಿದ್ದಾಳೆ! ಮೊದಲು ಬಾಯಿ ಸಿಹಿ ಮಾಡಿಕೊಳ್ಳಿ, ಉಳಿದದ್ದು ಆಮೇಲೆ. ಮೂಗು ನನ್ನದು. ಹಟ ಮಾತ್ರ ನಮ್ಮಣ್ಣನದು. ಹುಟ್ಟಿದ ತಾಸಿನೊಳಗೇ ಇಡೀ ದವಾಖಾನೆಯನ್ನು ಎಬ್ಬಿಸಿ ನಿಲ್ಲಿಸಿದಳು. ನನ್ನ ಮಗಳನ್ನು ಅಣ್ಣನ ಕಿರಿಮಗನಿಗೇ ಕೊಟ್ಟಿರುವುದರಿಂದ ಅವನು ನನಗೆ ಅಣ್ಣನೂ ಹೌದು, ಬೀಗನೂ ಹೌದು. ಎರಡೂ ಕಡೆಯಿಂದ ಅವನ ಹುಚ್ಚು ನನ್ನ ಪಾಲಿಗೇ!

ಎಂಥ ಹುಚ್ಚು ಅಂತೀರಿ? ಎಪ್ಪತ್ತೊಂದರಲ್ಲಿ ಎರಡು ದೇಶಗಳು ಮುಗಿಸಿದ ಯುದ್ಧವನ್ನು ಬೆಳಗಾವಿ ವಡಗಾವಿಯ ಈ ನೇಕಾರ ಒಬ್ಬನೇ ಮುಂದೆ ಒಂಬತ್ತು ವರ್ಷ ನಡೆಸಿದ! ದಂಡಿಲ್ಲ, ತೋಪಿಲ್ಲ. ಇದ್ದದ್ದು ಕರಿ ಕಾಗದ ಮತ್ತು ಒಂದು ಬಟ್ಟಲು ಅಂಟು.

ಆಗ ವಿಮಾನದವರಿಗೆ ಊರು ಕಾಣಬಾರದೆಂದು ಎಲ್ಲರೂ ಕಿಟಕಿಗೆ ಕರಿ ಕಾಗದ ಅಂಟಿಸಿದ್ದೆವಲ್ಲ, ನಿಮಗೂ ನೆನಪಿರಬೇಕು. ಯುದ್ಧ ಮುಗಿಯಿತೆಂದು ರೇಡಿಯೋ ಹೇಳಿದ್ದೇ ತಡ, ಓಣಿಯೆಲ್ಲ ಹರಿದು ಬಿಸಾಕಿತು. ಅಣ್ಣ ಮಾತ್ರ, "ಮಗಾ ಸೂಟಿಗೆ ಬಂದು ತಾನ ಹರೀಲಿ" ಎಂದು ಬಿಟ್ಟ. ಹಿರಿಮಗ ಸಿಪಾಯಿ, ರಜೆ ಸಿಕ್ಕೊಡನೆ ಬರುವವನಿದ್ದ. ಮಗ ಬರಲಿಲ್ಲ, ತಾರು ಬಂತು. ಯುದ್ಧ ನಿಂತ ಮೂರನೆಯ ದಿನ, ಯಾರದೋ ಹೊಲದಲ್ಲಿ ಹೂತಿಟ್ಟ ಮದ್ದು ತೆಗೆಯುವಾಗ ಅದು ಸಿಡಿದಿತ್ತು.

ಕೆಲವು ತಿಂಗಳ ಮೇಲೆ ಯಾವುದೋ ಕಚೇರಿಯ ಕಾಗದ ಬಂತು: ಯುದ್ಧದಲ್ಲಿ ಮಡಿದವರ ಯಾದಿಯಲ್ಲಿ ನಿಮ್ಮ ಮಗನ ಹೆಸರು ಸೇರುವುದಿಲ್ಲ, ಅವನು ಸತ್ತಾಗ ಯುದ್ಧ ಮುಗಿದಿತ್ತು, ಅದು ಅಪಘಾತ.

ನಾನು ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಆದರೂ ಕೇಳುತ್ತೇನೆ, ಮುಗಿದ ಯುದ್ಧ ಮನುಷ್ಯನನ್ನು ಕೊಲ್ಲುತ್ತದೆಯೇ?

ಅಣ್ಣ ಆ ಕಾಗದ ಹಿಡಿದು ಬೆಳಗಾವಿಯ ದೊಡ್ಡ ಕಚೇರಿಗೆ ಹೋದ.

"ಸಾಹೇಬ್ರ, ಯುದ್ಧ ಮುಗದೈತಂತ ಯಾರ ಹೇಳಿದ್ರು?"

"ರೇಡಿಯೋದಾಗ ಹೇಳ್ಯಾರಲ್ಲೋ ಮಾರಾಯಾ!"

"ಕಿಡಕಿಗೆ ಕಾಗದಾ ಹಚ್ಚರಿ ಅಂತ ಪೊಲೀಸರು ಮನೀಗೆ ಬಂದು ಹೇಳಿದ್ರು. ತಗೀರಿ ಅನ್ನಾಕ ಯಾರೂ ಬಂದಿಲ್ಲರೀ. ಮುಗದೈತಂತ ಬರದು ಸಹಿ ಮಾಡಿ ಕೊಡ್ರಿ. ಇಲ್ಲಂದ್ರ ನನ್ನ ಮಗನ ಹೆಸರು ಯಾದ್ಯಾಗ ಬರೀರಿ."

"ಅದು ನಮ್ಮ ಖಾತೆಗೆ ಬರೂದಿಲ್ಲ."

ಹಾಗಾದರೆ ಯಾರ ಖಾತೆಗೆ ಬರುತ್ತದೆ? ಊರಿನ ಕಚೇರಿಗಳ ಮೆಟ್ಟಿಲೆಲ್ಲ ಸವೆಸಿದ. ಯುದ್ಧ ಹೂಡುವ ಖಾತೆಯಿದೆ, ಮುಗಿಸುವ ಖಾತೆ ಮಾತ್ರ ಯಾರಲ್ಲೂ ಇಲ್ಲ!

ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಅಂದು ಅಣ್ಣ ಪಾಟಿಯ ಮೇಲೆ 'ಯುದ್ಧ ಮುಗಿಸಿರಿ' ಎಂದು ಬರೆದು ಕಚೇರಿಯ ಮುಂದೆ ಕೂಡುತ್ತಿದ್ದ. ನಮ್ಮೂರು ಖಾನಾಪುರದ ಬಸ್ಸಿನಲ್ಲಿ ಜನ ನನ್ನನ್ನು ಕೇಳುವರು: "ಏನ್ ಬಾಯಿ, ನಿಮ್ಮಣ್ಣ ಇವತ್ತ ಯಾವೂರು ಗೆದ್ದ?" ನಾನೂ ನಗುತ್ತಿದ್ದೆ. ನಕ್ಕೆ ಅಂತ ಈಗ ಬರೆಯಲು ನಾಚಿಕೆಯಾಗುತ್ತದೆ.

ಒಮ್ಮೆ ಊರಲ್ಲಿ ಭಾಷೆಯ ಗಲಾಟೆ. ಐದು ಮಂದಿ ಒಂದೆಡೆ ಸೇರಬಾರದೆಂದು ಕಾಯಿದೆ ಹಾಕಿದ್ದರು. ಅಣ್ಣನಿಗೆ ಅಮಾವಾಸ್ಯೆ ತಪ್ಪೀತೇ?

"ಏ, ಐದು ಮಂದಿ ಕೂಡೂದು ಗುನ್ಹೆ. ಎದ್ದ ನಡಿ!" ಎಂದ ಫೌಜದಾರ.

"ನಾ ಒಬ್ಬನ ಅದೀನ್ರಿ."

ಎತ್ತಿ ಒಯ್ಯಲು ಫೌಜದಾರ ಮೂವರು ಪೊಲೀಸರನ್ನು ಕರೆದ. ಅಣ್ಣ ಬೆರಳು ಮಡಿಸಿ ಎಣಿಸಿದ. "ನಿಮ್ಮನ್ನ ಹಿಡದು ಈಗ ಐದು ಆತು ನೋಡ್ರಿ. ಗುನ್ಹೆ ಯಾರ ಮಾಡಿದ್ರು?"

ನಿಂತವರೆಲ್ಲ ನಕ್ಕರು. ಪೊಲೀಸರೂ ನಕ್ಕರು. ನಗುತ್ತಲೇ ಹನ್ನೊಂದು ದಿನ ಒಳಗಿಟ್ಟರು! ಕಾಯಿದೆ ಇವನ ಬಾಯಲ್ಲಿತ್ತು, ಕೀಲಿಕೈ ಅವರ ಕೈಯಲ್ಲಿತ್ತು.

ಪ್ರತಿ ದೀಪಾವಳಿಗೆ ಊರವರು ಮನೆಗೆ ಸುಣ್ಣ ಹಚ್ಚಿದರೆ ಇವನು ಕಿಟಕಿಗೆ ಹೊಸ ಕರಿ ಕಾಗದ ಹಚ್ಚುವನು. "ಹಗಲಿನ್ಯಾಗ ಅಕ್ಕಿ ಆರಸಾಕ ದೀಪಾ ಹಚ್ಚೋ ಮನಿ ಎಲ್ಲೆರ ನೋಡೀರೇನು?" ಎಂದು ಅಣ್ಣನ ಹೆಂಡತಿ, ನಮ್ಮ ವೈನಿ, ಹಣೆ ಬಡಿದುಕೊಳ್ಳುವಳು. ಮಗನ ಮಾತು ಮಾತ್ರ ಅವಳೂ ಎತ್ತುತ್ತಿರಲಿಲ್ಲ.

ಈಗ ಕೂಸಿಗೆ ಬರೋಣ. ಮೂರನೆಯ ದಿನ ಅದರ ಮೈ ಅರಿಸಿನದಂತಾಯಿತು. "ಕಾಮಣಿ. ದಿನಾ ಎಳೀ ಬಿಸಲಿಗೆ ಹಿಡೀರಿ. ಖಾನಾಪುರಕ್ಕ ಈಗ ಒಯ್ಯಬ್ಯಾಡ್ರಿ" ಎಂದರು ಡಾಕ್ಟರಬಾಯಿ. ಸರಿ, ಬಾಣಂತಿ ಸಮೇತ ಅಣ್ಣನ ಮನೆಗೇ ಬಂದೆವು. ಹೆಸರಿಡುವವರೆಗೆ ಕೂಸು ಹೊಸ್ತಿಲು ದಾಟಿ ಹೊರಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಬಿಸಿಲು ಬರಬೇಕಾದದ್ದು ಕಿಟಕಿಯಿಂದ. ಕಿಟಕಿಯಲ್ಲಿ ಯುದ್ಧ ನಡೆದಿತ್ತು!

ಇವತ್ತು ಮುಂಜಾನೆ ಆ ಕತ್ತಲೆ ಕೋಣೆಯಲ್ಲಿ ಕೂಸನ್ನೆತ್ತಿಕೊಂಡು ನಾನು ಸಿಡಿದೆ. "ಅಣ್ಣಾ, ಸರಕಾರ ಸಹಿ ಮಾಡೂತನಾ ಇದು ಹಳದಿ ಆಗಿ ಕುಂದರಬೇಕೇನು?"

ಅವನು ಕೂಸಿನ ಮುಖ ನೋಡಿದ. ಆಮೇಲೆ, "ಆಕಡೆ ಸರಿ, ಕೂಸಿನ ಮ್ಯಾಲ ಧೂಳಾ ಬೀಳತೈತಿ" ಎಂದು ಉಗುರು ಹಾಕಿ ಕೀಳತೊಡಗಿದ. ಒಂದರ ಮೇಲೊಂದು ಅಷ್ಟೂ ವರ್ಷದ ಕಾಗದ. ಕೊನೆಯದನ್ನು, ಮಗ ಬಂದು ಹರಿಯಲೆಂದು ಬಿಟ್ಟದ್ದನ್ನು, ಹರಿಯಲಿಲ್ಲ. ನೀರು ಹಚ್ಚಿ ಹಚ್ಚಿ ಇಡಿಯಾಗಿ ಬಿಡಿಸಿ, ಮಡಚಿ, ಟ್ರಂಕಿನಲ್ಲಿಟ್ಟ. ಬಿಸಿಲು ಬಂದು ಕೂಸಿನ ಹೊಟ್ಟೆಯ ಮೇಲೆ ಬಿತ್ತು.

"ಯುದ್ಧ ಮುಗೀತೇನಣ್ಣಾ?"

"ಅವರು ಮುಗಸಲಿಲ್ಲ ತಂಗೀ. ನನ್ನ ಮನೀದು ನಾ ಮುಗಸೀನಿ. ಅಮಾಸಿಗೆ ಕಚೇರಿ ಮುಂದ ಕುಂದ್ರೂದೇನ್ ಬಿಡಾಂವಲ್ಲ."

ಸಂಜೆ ವೈನಿ ಹೋಳಿಗೆ ಮಾಡಿದಳು. ಅಣ್ಣ, ವೈನಿ, ಅಳಿಯ, ಮಗಳು, ನಾನು ಸಾಲಾಗಿ ಕುಳಿತೆವು. ಕೂಸು ಮಗಳ ತೊಡೆಯ ಮೇಲೆ. ದೀಪದ ಬೆಳಕು ಕಿಟಕಿ ದಾಟಿ ಓಣಿಗೆ ಬಿದ್ದಿತ್ತು. ಹಾದುಹೋಗುತ್ತಿದ್ದ ಪಕ್ಕದ ಮನೆಯವನು ನಿಂತ. ಅವನಿಗೇನು, ಅಣ್ಣನನ್ನು ಕೆಣಕುವ ಹಳೆಯ ಚಾಳಿ, ಯುದ್ಧದ ದಿನಗಳ ಕೂಗನ್ನೇ ಹಾಕಿದ: "ಕಾಕಾ, ಬೆಳಕು ಹೊರಗ ಬೀಳಾಕತ್ತೈತಿ!"

ನಮ್ಮೆಲ್ಲರ ಕೈ ಎಲೆಯ ಮೇಲೆಯೇ ನಿಂತಿತು. ಅಣ್ಣ ಬಾಯಲ್ಲಿದ್ದ ತುತ್ತು ನುಂಗಿ, ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದ.

"ಬೀಳಲಿ ಬಿಡೋ. ನೀನೂ ಒಳಗ ಬಾ, ಕೈ ತೊಳಕೋ."