ಸುರಗಿಗೆ ಇಳಿಸಿದ ಹಾಡು

ಕಂಪ್ಯೂಟರು ನಾನು ಹೇಳಿದಂತೆ ಕೇಳುತ್ತದೆ, ಹೆಂಡತಿ ಕೇಳುವುದಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ ನಾನು. ರಜೆಯಲ್ಲಿ ವಿಡಿಯೊ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದೆ. ಕಲಿತ ವಿದ್ಯೆ ಸುಮ್ಮನೆ ಕೂರುತ್ತದೆಯೇ?

ಒಂದು ಮುಂಜಾನೆ ಪಕ್ಕದ ಮನೆಯ ಗಂಗವ್ವ ಬಂದು ನಮ್ಮ ಕಟ್ಟೆಯ ಮೇಲೆ ಕುಳಿತರು. ಮರುದಿನ ದೇವಣಗಾಂವದ ತೋಟದ ಮನೆಯಲ್ಲಿ ಅವರ ಮೊಮ್ಮಗಳ ಸುರಗಿ, ಅಂದರೆ ಮದುಮಗಳಿಗೆ ಅರಿಷಿಣ ಹಚ್ಚಿ ನೀರೆರೆಯುವ ಕಾರ್ಯ.

“ಮಾಸ್ತರ್ರ, ನಮ್ಮ ಮನ್ಯಾಗಿನ ಎಲ್ಲಾ ಸುರಗಿಗೂ ನಮ್ಮಕ್ಕ ನೀಲವ್ವನ ಹಾಡ್ತಿದ್ಲರಿ. ಹ್ವಾದ ವರ್ಷ ತೀರಿಕೊಂಡ್ಲು. ಆಕಿ ಹಾಡು ಯಾರೋ ಪುಣ್ಯಾತ್ಮರು ರೆಕಾರ್ಡ್ ಮಾಡಿ ವೆಬ್‌ಸೈಟಿನ್ಯಾಗ ಹಾಕ್ಯಾರಂತ. ತ್ವಾಟದಾಗ ನೆಟ್‌ವರ್ಕ್ ಬರಂಗಿಲ್ಲ. ಇಳಿಸಿ ಕೊಡ್ತೀರೇನ್ರಿ? ಅಕ್ಕನ ದನಿ ಇಲ್ದನ ಹುಡುಗಿಗೆ ಅರಿಷಿಣ ಹಚ್ಚಾಕ ಮನಸ ಬರವಲ್ದು.”

“ಇಷ್ಟ ಏನ್ರಿ? ಚಹಾ ಕುಡಿಯೂದ್ರಾಗ ಆಗ್ತೈತಿ!” ಎಂದೆ.

ವೆಬ್‌ಸೈಟಿನ ಪುಟದಲ್ಲಿ ಸುರಗಿಯ ಹಾಡೇ ಮೊದಲಿತ್ತು. ಅದನ್ನು ಒತ್ತಿ ಇಳಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಒತ್ತಿ ಇಳಿಸುವುದು ಸಾಮಾನ್ಯರ ಕೆಲಸ! ಪುಟದಲ್ಲಿದ್ದ ನೀಲವ್ವನ ಹಾಡುಗಳನ್ನೆಲ್ಲ ಒಂದೇ ಏಟಿಗೆ ಎಳೆದು ತರುವ ಪ್ರೋಗ್ರಾಂ ಬರೆಯಲು ಕುಳಿತೆ.

ಕಣ್ಣು ಮುಚ್ಚಿ ತೆರೆಯುವುದರೊಳಗೆ ಫೈಲು ಇಳಿಯಿತು. ಆದರೆ ಹಾಡಲಿಲ್ಲ. ಬಿಚ್ಚಿ ನೋಡಿದರೆ ಒಳಗೆ ‘ಪ್ರವೇಶವಿಲ್ಲ’ ಎಂಬ ಸೂಚನೆ. ಬಾಗಿಲಲ್ಲಿ ಬೈಸಿಕೊಂಡದ್ದನ್ನೇ ಹಾಡೆಂದು ಭದ್ರವಾಗಿ ಉಳಿಸಿಕೊಂಡಿದ್ದೆ!

ನನ್ನ ಗೊಣಗಾಟ ಕೇಳಿಸಿಕೊಂಡು, ಒಳಗೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶಾಂತಾ ಕೇಳಿದಳು, “ಯಾಕಂತ ಒಳಗ ಬಿಡವಲ್ರು?”

“ನನ್ನ ಪ್ರೋಗ್ರಾಂ ಯಾರು ಏನು ಅಂತ ಅವರಿಗೆ ಗೊತ್ತಾಗವಲ್ದು.”

“ಮತ್ತ ಹೇಳ್ರಿ! ಮಂದಿ ಮನಿಗೆ ಹೋದ್ರ ಯಾವೂರು, ಯಾರ ಪೈಕಿ ಅಂತ ಹೇಳದ ನುಗ್ತಾರೇನು?”

ಅದೂ ನಿಜವೇ. ಪ್ರೋಗ್ರಾಂ ಹೋಗುವಾಗ ತನ್ನ ಹೆಸರು, ಊರು ಹೇಳುವಂತೆ ತಿದ್ದಿದೆ. ಬಾಗಿಲು ತೆರೆಯಿತು! ಪರದೆಯ ಮೇಲೆ ‘ಇಳಿಯಿತು’, ‘ಇಳಿಯಿತು’ ಎಂದು ಸಾಲುಗಟ್ಟಿತು. ನಾನು ಮೀಸೆ ತಿರುವಿದೆ.

ಶಾಂತಾ ಹಿಟ್ಟಿನ ಕೈಯಲ್ಲೇ ಬಂದು ಇಣುಕಿದಳು. “ಅಷ್ಟೂ ಇಳದ್ವು ಅಂತೀರಿ, ಇಲ್ಲಿ ಒಂದ ಫೈಲ್ ಕಾಣ್ತೈತಲ್ರಿ?”

“ಎಲ್ಲಾ ಅದರಾಗನ ಸೇರ್ಯಾವ. ನಿನಗ ತಿಳಿಯಂಗಿಲ್ಲ, ಬಿಡು.”

ಫೈಲು ಒತ್ತಿದೆ. “ಹಾಡ್ಲೇನು?” ಎಂದು ನೀಲವ್ವನ ದನಿ ಕೇಳಿತು. ಗಂಗವ್ವ ಸೆರಗು ಬಾಯಿಗಿಟ್ಟು ಬಿಕ್ಕಿದರು. “ಸಾಕ್ರಿ, ನಿಂದರಸ್ರಿ. ಉಳದದ್ದು ನಾಳೆ ಹುಡುಗಿ ಮುಂದನ ಕೇಳ್ತೀನಿ.” ನಾನು ಪೆನ್‌ಡ್ರೈವಿಗೆ ಹಾಕಿಕೊಟ್ಟೆ.

ಮರುದಿನ ತೋಟದ ಮನೆಯ ಅಂಗಳದಲ್ಲಿ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿದ್ದರು. ಗಂಗವ್ವ ಅರಿಷಿಣ ಹಿಡಿದು ನಿಂತರು. ಶಾಂತಾಳೊಂದಿಗೆ ಹೋಗಿದ್ದ ನಾನು ಪೆನ್‌ಡ್ರೈವನ್ನು ಸ್ಪೀಕರಿಗೆ ಸಿಕ್ಕಿಸಿ, ಗತ್ತಿನಿಂದ ಗುಂಡಿ ಒತ್ತಿದೆ.

“ಹಾಡ್ಲೇನು?” ಎಂದಿತು ದನಿ. ಮಂದಿಯೆಲ್ಲ ಸ್ಪೀಕರಿನ ಕಡೆ ತಿರುಗಿದರು.

“ಜೋ... ಜೋ...”

ಜೋಗುಳ! ಎಲ್ಲ ಹಾಡಿಗೂ ನಾನು ಒಂದೇ ಹೆಸರು ಕೊಟ್ಟಿದ್ದೆ. ಹೊಸದು ಬಂದಾಗಲೆಲ್ಲ ಹಿಂದಿನದು ಅಳಿಸಿಹೋಗಿ, ಪುಟದ ಕಟ್ಟಕಡೆಯ ಹಾಡು ಮಾತ್ರ ಉಳಿದಿತ್ತು.

“ಯವ್ವಾ, ಇನ್ನ ಮದಿವಿ ಅಕ್ಕಿಕಾಳನ ಬಿದ್ದಿಲ್ಲ, ಆಗಳೇ ತೊಟ್ಟಲಾ ಕಟ್ಟಿದ್ರಲ್ಲ!” ಎಂದಳು ಬೀಗರ ಕಡೆಯ ಒಬ್ಬ ಮುದುಕಿ. ಮಂದಿ ಬಿದ್ದುಬಿದ್ದು ನಕ್ಕರು. ಮದುಮಗಳು ಮುಖ ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಎನಿಸಿ ನಾನು ಗುಂಡಿಗೆ ಕೈ ಹಾಕಿದೆ. ಗಂಗವ್ವ ಆ ಕೈ ಹಿಡಿದರು.

“ಬ್ಯಾಡ್ರಿ ಮಾಸ್ತರ್ರ, ಇರ್ಲಿ. ನಮ್ಮವ್ವ ಹೊಲಕ್ಕ ಹೋದ್ರ ಅಕ್ಕ ನನಗ ಇದನ್ನ ಹಾಡಿ ಮಲಗಸ್ತಿದ್ಲು. ಇದೂ ವೆಬ್‌ಸೈಟಿನ್ಯಾಗ ಐತಂತ ನನಗ ಗೊತ್ತಿರಲಿಲ್ರಿ. ನಿಮ್ಮ ಉಪಕಾರ ಮರಿಯಂಗಿಲ್ಲ.”

ಜೋಗುಳ ಮುಗಿಯುವವರೆಗೂ ಅವರು ಮೊಮ್ಮಗಳ ಕೆನ್ನೆಗೆ ಅರಿಷಿಣ ಹಚ್ಚುತ್ತಲೇ ಇದ್ದರು. ಆಮೇಲೆ ಯಾರೂ ನಗಲಿಲ್ಲ. ಆ ಹಾಡನ್ನು ಉಳಿಸಿಟ್ಟ ಗುರುತಿಲ್ಲದ ಪುಣ್ಯಾತ್ಮರಿಗೆ, ನನ್ನ ಮಾನ ಉಳಿಸಿದ ಗಂಗವ್ವನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಹೊರಡುವಾಗ ಗಂಗವ್ವ ಹೋಳಿಗೆ ಕಟ್ಟಿಕೊಡುತ್ತ, “ಮುಂದ ತೊಟ್ಟಲ ಕಾರ್ಯಕ್ಕೂ ನೀವ ಬರಬೇಕ್ರಿ” ಎಂದರು.

“ಬರ್ತೀವ್ರಿ,” ಎಂದಳು ಶಾಂತಾ. “ಆದ್ರ ಅವತ್ತು ಹಾಡು ನಾನ ಒತ್ತಿ ಇಳಸ್ತೀನಿ. ಇವರ ಕೈಯಾಗ ಕೊಟ್ರ ಸುರಗಿ ಹಾಡು ಬರ್ತೈತಿ!”

ಈಗ ನಾನು ಊರೆಲ್ಲ ಹೇಳಿಕೊಂಡು ತಿರುಗುವುದಿಲ್ಲ. ಕಂಪ್ಯೂಟರು ನಾನು ಹೇಳಿದಂತೆಯೇ ಕೇಳಿತ್ತು. ಹೆಂಡತಿಯ ಹಾಗೆ ಅದೂ ಕೇಳದೆ ಇದ್ದಿದ್ದರೆ ಮಂದಿಯ ಮುಂದೆ ನಗೆಪಾಟಲಾಗುವುದು ತಪ್ಪುತ್ತಿತ್ತು!