ಅರ್ಮಾಸನ ಅಕಾರ್ಡಿಯನ್

ಕೇಕಿಗೆ ಕೆನೆ ಬಳಿಯುವ ಮೊದಲೇ ಹೆಲ್ಕಾ ನಾಲ್ಕನೇ ಮಹಡಿ ಹತ್ತಿ ಬಂದು ಇಲ್ಪೊನ ಬಾಗಿಲು ಬಡಿದಳು.

"ಇಲ್ಪೊ, ಅರ್ಮಾಸನ ಹಾಡು ಬರ್ತಿಲ್ಲ. ನಿನ್ನ ರಸ್ತಸ್ ಮತ್ತೆ ಕೆಟ್ಟಿದೆ."

ಹೆಲ್ಕಾ ನಮ್ಮ ಕಟ್ಟಡದ ಸಂಘದ ಅಧ್ಯಕ್ಷೆ. ತಾಂಪೆರೆ ಊರಿನ ದಿಬ್ಬದ ಮೇಲಿನ ಈ ಕಟ್ಟಡದ ಇಪ್ಪತ್ತೆರಡು ಮನೆಗಳಲ್ಲಿ ಯಾರು ಎಷ್ಟು ಹೊತ್ತಿಗೆ ಎದ್ದರು ಎಂಬುದು ಎದ್ದವರಿಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಇನ್ನು ಇಲ್ಪೊ, ನಲವತ್ತಾರರ ಒಂಟಿ ಮನುಷ್ಯ. ರಸ್ತಸ್ ಎಂಬ ಸಂಗೀತ ಸರ್ವರಿನ ತಂತ್ರಾಂಶವನ್ನು ಹನ್ನೊಂದು ವರ್ಷಗಳಿಂದ ಬರೆದು, ತಿದ್ದಿ, ಲೋಕಕ್ಕೆ ಬಿಟ್ಟಿಯಾಗಿ ಹಂಚುತ್ತಿದ್ದ. ಒಂದು ಕಡೆ ಕೂಡಿಟ್ಟ ಹಾಡುಗಳನ್ನು ಅದು ಬೇಕಾದ ಸ್ಪೀಕರಿಗೆ ಕಳಿಸುತ್ತದೆ. ಅದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಕಳಿಸಬಹುದು. ಒಪ್ಪುವುದು, ಬಿಡುವುದು ಇಲ್ಪೊನಿಗೆ ಸೇರಿದ್ದು. ಬಳಸುವವರು ಒಂಬತ್ತು ಸಾವಿರ ಮಂದಿ. ಬೈಯುವವರೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಅಂಗಳ, ಹಬೆಸ್ನಾನದ ಸೌನಾ, ಅಡುಗೆಮನೆಗಳಲ್ಲೂ ಅದೇ ಹಾಡುತ್ತಿತ್ತು.

ಅವತ್ತು ಕೆಳಮಹಡಿಯ ಸೈಮಿಗೆ ಎಂಬತ್ತು ತುಂಬುತ್ತಿತ್ತು. ಮೂರು ಗಂಟೆಗೆ ಅಂಗಳದಲ್ಲಿ ಕಾಫಿ, ಕೇಕು. ತೀರಿಕೊಂಡ ಗಂಡ ಅರ್ಮಾಸ್ ಅಕಾರ್ಡಿಯನ್ನಿನಲ್ಲಿ ನುಡಿಸಿ ಧ್ವನಿಮುದ್ರಿಸಿಟ್ಟಿದ್ದ ವಾಲ್ಟ್ಸ್ ಎಂಬ ಕುಣಿತದ ಧಾಟಿಯನ್ನು ಅವಳಿಗೆ ಹೇಳದೆ ಕೇಳಿಸಬೇಕೆಂದು ಹೆಲ್ಕಾ ಒಂದು ತಿಂಗಳಿಂದ ಹೊಂಚು ಹಾಕಿದ್ದಳು. ರಸ್ತಸ್ ಮಾತ್ರ ಆ ಹಾಡಿನ ಹೆಸರು ಬಂದ ಕೂಡಲೇ ಸಾಲ ಕೊಟ್ಟವನ ಮನೆ ದಾಟುವವನ ಹಾಗೆ ಸರಕ್ಕನೆ ಮುಂದಿನ ಹಾಡಿಗೆ ಜಿಗಿಯುತ್ತಿತ್ತು.

"ಹತ್ತು ನಿಮಿಷದ ಕೆಲಸ," ಎಂದ ಇಲ್ಪೊ.

ಹನ್ನೊಂದು ವರ್ಷಗಳಲ್ಲಿ ಅವನು ಆಡಿದ ಸುಳ್ಳುಗಳಲ್ಲೆಲ್ಲ ಹೆಚ್ಚು ಸಲ ಆಡಿದ್ದು ಇದೇ. ಅವನಿಗೂ ಅದು ಗೊತ್ತಿತ್ತು.

ದೋಷ ಹಾಡಿನ ಹೆಸರಿನಲ್ಲಿರಬೇಕು ಎಂದುಕೊಂಡು ಹೆಸರು ಓದುವ ಭಾಗವನ್ನು ತಿದ್ದಿದ. ವಾಲ್ಟ್ಸ್ ಬರಲಿಲ್ಲ. ಬದಲಿಗೆ ಅವನೇ ಯಾವತ್ತೋ ಕೂಡಿಟ್ಟಿದ್ದ ಹಕ್ಕಿಗಳ ಕೂಗು ಸೌನಾದ ಸ್ಪೀಕರಿನಲ್ಲಿ ಶುರುವಾಯಿತು, ಅದೂ ಪೂರ್ತಿ ದನಿಯಲ್ಲಿ. ಬಿಸಿ ಹಬೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ತಾಯ್ಸ್ತೊನ ಕಿವಿಯ ಪಕ್ಕದಲ್ಲೇ ದೊಡ್ಡ ಗೂಬೆ ಕೂಗಿತು. ಅವನು ಟವೆಲನ್ನು ಸುತ್ತಿಕೊಳ್ಳದೆ ಕೈಯಲ್ಲೇ ಹಿಡಿದು ಅಂಗಳಕ್ಕೆ ಓಡಿ ಬಂದ. ಅಲ್ಲಿ ಆರು ಜನ ಹೆಂಗಸರು ಮೇಜಿಗೆ ಬಟ್ಟೆ ಹಾಸುತ್ತಿದ್ದರು.

ಐದು ನಿಮಿಷದಲ್ಲಿ ತಾಯ್ಸ್ತೊ ಇಲ್ಪೊನ ಮನೆಯಲ್ಲಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು, ಕೈಯಲ್ಲಿ ಸ್ಕ್ರೂಡ್ರೈವರ್.

"ಎಲ್ಲಿ ಬಿಚ್ಚೋದು?"

"ಬಿಚ್ಚೋಕೆ ಏನೂ ಇಲ್ಲ ತಾಯ್ಸ್ತೊ. ತಪ್ಪು ಇರೋದು ಬರವಣಿಗೆಯಲ್ಲಿ."

"ಬರೆದೋರು ಯಾರು?"

"ನಾನೇ."

"ಹಾಗಾದ್ರೆ ನಿನ್ನೇ ಬಿಚ್ಚಬೇಕು," ಎಂದು ತಾಯ್ಸ್ತೊ ಕುರ್ಚಿ ಎಳೆದುಕೊಂಡು ಕೂತ.

ಇಲ್ಪೊನಿಗೆ ನಗಲು ಪುರಸೊತ್ತಿರಲಿಲ್ಲ. ಎರಡನೇ ತಿದ್ದುಪಡಿ ಹಾಕಿದ. ಇಪ್ಪತ್ತೆರಡು ಅಡುಗೆಮನೆಗಳಲ್ಲಿ ಒಟ್ಟಿಗೆ ಮಕ್ಕಳ ಹಲ್ಲುಜ್ಜುವ ಹಾಡು ಶುರುವಾಗಿ, ನಿಲ್ಲಿಸಿದರೂ ನಿಲ್ಲದೆ ಸುತ್ತತೊಡಗಿತು. ಮೆಟ್ಟಿಲಿನುದ್ದಕ್ಕೂ ಬಾಗಿಲುಗಳು ತೆರೆದವು.

"ಇಲ್ಪೊ! ಉಜ್ಜಿ ಆಯ್ತಪ್ಪ, ಸಾಕು!" ಎಂದು ಎರಡನೇ ಮಹಡಿಯಿಂದ ಯಾರೋ ಕೂಗಿದರು.

ಮೂರನೇ ತಿದ್ದುಪಡಿಗೆ ಇಡೀ ಕಟ್ಟಡ ಮೂಕವಾಯಿತು. "ಇವತ್ತು ನೀನು ಮಾಡಿದ್ರಲ್ಲಿ ಇದೇ ವಾಸಿ," ಎಂದ ತಾಯ್ಸ್ತೊ.

ಎರಡೂವರೆ ಆಗಿತ್ತು. ಹೆಲ್ಕಾ ಮೂರನೇ ಸಲ ಬಂದು ಬಾಗಿಲಲ್ಲಿ ನಿಂತಳು. ಈ ಸಲ ಅವಳು ಬೈಯಲಿಲ್ಲ. "ಪಾಪ, ಆ ಮುದುಕಿ ಅವನ ದನಿ ಕೇಳಿ ನಾಲ್ಕು ವರ್ಷ ಆಯ್ತಲ್ಲೋ," ಎಂದಳು. ಬೈಗುಳಗಳಿಗೆ ಇಲ್ಪೊನ ಚರ್ಮ ಒಗ್ಗಿತ್ತು. ಈ ಮಾತು ಮಾತ್ರ ಒಳಗೆ ಹೋಗಿ ಚುಚ್ಚಿತು.

ಮಾಡಿದ್ದನ್ನೆಲ್ಲ ಅಳಿಸಿ, ಕೋಡನ್ನು ಮೊದಲ ಸಾಲಿನಿಂದ ಓದತೊಡಗಿದ. ತಾನೇ ಬರೆದದ್ದನ್ನು ಓದುವಾಗ ಅವನಿಗೆ ಆಗುವ ನಾಚಿಕೆ ಹೇಳತೀರದು. ಕೊನೆಗೆ ಒಂದು ಮೂಲೆಯಲ್ಲಿ ಆ ಸಾಲು ಸಿಕ್ಕಿತು: ಹಾಡಿನ ಉದ್ದ ಸರಿಯಾಗಿ ನಾಲ್ಕು ನಿಮಿಷ ಹದಿನೇಳು ಸೆಕೆಂಡ್ ಇದ್ದರೆ, ನುಡಿಸದೆ ಮುಂದಕ್ಕೆ ಹೋಗು.

ಇಲ್ಪೊ ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಅರ್ಮಾಸನ ವಾಲ್ಟ್ಸಿನ ಉದ್ದ ನೋಡಿದ. ನಾಲ್ಕು ನಿಮಿಷ ಹದಿನೇಳು ಸೆಕೆಂಡ್. ಕೆಲವು ಹಾಡು ಬರುವುದೇ ಇಲ್ಲ ಎಂದು ನಾಲ್ಕು ವರ್ಷಗಳಿಂದ ಎಲ್ಲೆಲ್ಲಿಂದಲೋ ಬಂದು ಬಿದ್ದಿದ್ದ ದೂರುಗಳೆಲ್ಲ ಒಮ್ಮೆಗೇ ಅರ್ಥವಾದವು. ಯಾರೋ ಅನಾಮಿಕ ಕಳಿಸಿದ ದೊಡ್ಡ ತಿದ್ದುಪಡಿಯೊಂದರ ನಡುವೆ ಈ ಸಾಲು ನುಸುಳಿತ್ತು. ಕೆಳಗೆ ಒಪ್ಪಿದವರ ಟಿಪ್ಪಣಿ: 'ಬಹಳ ಅಚ್ಚುಕಟ್ಟಾದ ಕೆಲಸ! ಧನ್ಯವಾದ. ಇಲ್ಪೊ.'

"ಏನಾಯ್ತು?" ಎಂದು ತಾಯ್ಸ್ತೊ ಇಣುಕಿದ.

"ಏನಿಲ್ಲ. ಒಬ್ಬ ಕತ್ತೆ ಓದದೆ ಸಹಿ ಹಾಕಿದ್ದ."

ಸಾಲನ್ನು ಅಳಿಸಿ, ಹೊಸ ಆವೃತ್ತಿಯನ್ನು ಲೋಕಕ್ಕೆ ಬಿಟ್ಟು, ಕೆಳಗೆ ಓಡಿದ. ಮೂರಕ್ಕೆ ಸರಿಯಾಗಿ ಅಂಗಳದ ಸ್ಪೀಕರಿನಲ್ಲಿ ಅಕಾರ್ಡಿಯನ್ ಉಸಿರೆಳೆದುಕೊಂಡಿತು. ಸೈಮಿ ಕಾಫಿ ಬಟ್ಟಲನ್ನು ಮೇಜಿನ ಮೇಲಿಟ್ಟಳು. ನಡುವೆ ಒಂದು ಕಡೆ ಅರ್ಮಾಸ್ ಸ್ವರ ತಪ್ಪಿ, ತಡವರಿಸಿ, ಮತ್ತೆ ಹಿಡಿದ. ಸೈಮಿ ಕಣ್ಣು ಮುಚ್ಚಿಕೊಂಡಳು, ಕೆನ್ನೆ ಮೇಲೆ ನೀರಿಳಿಯಿತು. ಅಂಗಳವೆಲ್ಲ ಮೂಗು ಒರೆಸಿಕೊಂಡಿತು. ತಾಯ್ಸ್ತೊ ಎಲ್ಲರೆದುರು ಇಲ್ಪೊನ ಬೆನ್ನು ತಟ್ಟಿದ.

"ಇನ್ನು ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಅರ್ಮಾಸನ ನೆನಪಿಗೆ, ಈ ವಾಲ್ಟ್ಸ್!" ಎಂದು ಹೆಲ್ಕಾ ಘೋಷಿಸಿದಳು. ಚಪ್ಪಾಳೆ ಬಿತ್ತು. ಇಲ್ಪೊ ಎರಡು ತುಂಡು ಕೇಕು ತಿಂದು, ಹನ್ನೊಂದು ವರ್ಷದಲ್ಲಿ ಮೊದಲ ಸಲ ತಲೆಯೆತ್ತಿ ಮೆಟ್ಟಿಲು ಹತ್ತಿದ.

ಐದು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಸೈಮಿ. ಕೈಯಲ್ಲಿ ಇನ್ನೊಂದು ತುಂಡು ಕೇಕು.

"ಬನ್ನಿ ಬನ್ನಿ. ಥ್ಯಾಂಕ್ಸ್ ಎಲ್ಲ ಯಾಕೆ, ನಾನು ಮಾಡಿದ್ದು ಏನು ಮಹಾ..."

"ಥ್ಯಾಂಕ್ಸ್ ಹೇಳೋಕೆ ಬಂದಿಲ್ಲಪ್ಪ. ಆ ಸಾಲು ಯಾಕೆ ತೆಗೆದೆ?"

"ಯಾವ ಸಾಲು?" ಎಂದ ಇಲ್ಪೊ.

"ಹದಿನೇಳು ಸೆಕೆಂಡಿಂದು. ನಾನು ಎಷ್ಟು ಕಷ್ಟಪಟ್ಟು ಬರೆದಿದ್ದೆ! ನೀನೂ ಹೊಗಳಿ ಒಪ್ಕೊಂಡಿದ್ದೆ."

"ನೀವಾ? ನೀವು ವಿದ್ಯುತ್ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ರಿ ಅಲ್ವಾ?"

"ಹಾಗಂತ ಹೆಲ್ಕಾ ಹೇಳಿದ್ದು. ಮೂವತ್ತೊಂದು ವರ್ಷ ಅಲ್ಲಿನ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದಿದೀನಿ. ನಿಮ್ಮಲ್ಲಿ ಯಾರೂ ಕೇಳ್ಲಿಲ್ಲ." ಸೈಮಿ ಅವನ ಕುರ್ಚಿಯಲ್ಲಿ ಕೂತಳು. "ಅರ್ಮಾಸ್ ಚಿನ್ನದಂಥ ಮನುಷ್ಯ. ಆದ್ರೆ ಒಂದೇ ವಾಲ್ಟ್ಸ್, ನಲವತ್ಮೂರು ವರ್ಷ, ದಿನಾ ಬೆಳಿಗ್ಗೆ, ದಿನಾ ಅದೇ ಜಾಗದಲ್ಲಿ ತಪ್ಪು! ಅವನು ಹೋದ್ಮೇಲೆ ಮೂರು ಸಲ ಅದನ್ನ ಅಳಿಸಿದೆ. ಮೂರು ಸಲವೂ ಹೆಲ್ಕಾ ಪ್ರೀತಿಯಿಂದ ವಾಪಸ್ ಹಾಕಿದ್ಲು. ಅದಕ್ಕೇ ಆ ಸಾಲು ಬರೆದೆ. ಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ಈ ಕಟ್ಟಡದಲ್ಲಿ ನನ್ನನ್ನ ಏನಂದ್ಕೊಳ್ತಾರೆ?"

"ಹಾಗಾದ್ರೆ ಕೆಳಗೆ ಅತ್ತಿದ್ದು?"

"ಆ ನಲವತ್ಮೂರು ವರ್ಷಗಳನ್ನ ನೆನೆಸ್ಕೊಂಡು. ಈಗ ಭಾನುವಾರಗಳು ಬೇರೆ!"

ಇಲ್ಪೊ ತಲೆ ಕೆರೆದುಕೊಂಡ. "ನಮ್ಮ ಕಟ್ಟಡದ ಸರ್ವರಿಗೆ ಮಾತ್ರ ಹಾಕ್ತೀನಿ. ಆ ಹಾಡಿನ ಹೆಸರು ಹೇಳಿ ತಡೆದ್ರೆ ಸಾಕಲ್ವಾ?"

"ಹೆಲ್ಕಾ ಹೆಸರು ಬದಲಾಯಿಸ್ತಾಳೆ. ಉದ್ದ ಬದಲಾಯಿಸೋಕೆ ಅವಳಿಗೆ ಬರಲ್ಲ. ಉದ್ದಾನೇ ಹಾಕು."

ಅವನು ಬರೆದ. ಸೈಮಿ ಹಿಂದಿನಿಂದ ಬಗ್ಗಿ ನೋಡಿ, "ಒಂದು ಆವರಣ ಚಿಹ್ನೆ ಬಿಟ್ಟಿದೀಯ," ಎಂದು ಬೆರಳು ತೋರಿಸಿದಳು. ಹೌದು, ಬಿಟ್ಟಿದ್ದ. ತಿದ್ದಿ, ಸರ್ವರಿಗೆ ಹಾಕಿದ.

ಎರಡು ನಿಮಿಷ ಆಗಿರಲಿಲ್ಲ. ತಡವಾಗಿ ಬಂದ ಯಾರೋ ಬಳಗದವರಿಗೆ ವಾಲ್ಟ್ಸ್ ಕೇಳಿಸಲು ಹೊರಟಿದ್ದ ಹೆಲ್ಕಾಳ ದನಿ ಅಂಗಳದಿಂದ ಏರಿ ಬಂತು.

"ಇಲ್ಪೊ! ಮತ್ತೆ ಕೆಡಿಸಿದೆಯಲ್ಲೋ! ಏನು ಮಾಡಿದೆ?"

ಇಲ್ಪೊ ಸೈಮಿಯ ಮುಖ ನೋಡಿದ. ಅವಳು ತಾನು ತಂದ ಕೇಕನ್ನು ತಾನೇ ನೆಮ್ಮದಿಯಾಗಿ ತಿನ್ನುತ್ತಿದ್ದಳು. ಅವನು ಕಿಟಕಿಯಿಂದ ತಲೆ ಹೊರಹಾಕಿದ.

"ನನ್ನದೇ ತಪ್ಪು ಹೆಲ್ಕಾ ಅವರೇ! ಸರಿಹೋಗೋ ಹಾಗೆ ಕಾಣ್ತಿಲ್ಲ!"

"ನಮಗೆ ಗೊತ್ತಿತ್ತು!" ಎಂದು ಇಡೀ ಅಂಗಳ ಒಂದೇ ಕೊರಳಲ್ಲಿ ಕೂಗಿತು.